ಬಸ್ಸು ಒಂದು ಸುತ್ತು ಬರುವಷ್ಟರಲ್ಲಿ

ನಮ್ಮವರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಬಾಯಿಗೆ ಬೇರೆ ಮಾತು ತುರುಕುವುದು ಬೇಡ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಉಪ್ಪು ಹೆಚ್ಚಾಯಿತೆಂದು ತಟ್ಟೆ ತಳ್ಳುವುದಿಲ್ಲ. ಬೆಳಿಗ್ಗೆ ನನಗಿಂತ ಮೊದಲು ಎದ್ದು ಟೀ ಮಾಡಿ, ಲೋಟವನ್ನು ನನ್ನ ಮೂಗಿನ ಹತ್ತಿರ ತಂದು ಹಿಡಿಯುತ್ತಾರೆ. ತೊಂದರೆ ಇರುವುದೇ ಅಲ್ಲಿ. ಹನ್ನೊಂದು ತಿಂಗಳಿಂದ ಅವರು ನನ್ನ ಮೂಗಿನಿಂದ ನಾಲ್ಕು ಮೊಳ ದೂರ ಹೋದದ್ದೇ ಇಲ್ಲ.

ಅವರು ಬಸ್ ಡ್ರೈವರ್ ಆಗಿದ್ದರು, ನಾನು ಅದೇ ಬಸ್ಸಿನ ಕಂಡಕ್ಟರ್. ಮದುವೆಯಾದದ್ದೂ ಬಸ್ಸಿನಿಂದಲೇ, ಇಪ್ಪತ್ತೇಳು ವರ್ಷ ಸಂಸಾರ ಮಾಡಿದ್ದೂ ಹೆಚ್ಚುಕಡಿಮೆ ಬಸ್ಸಿನಲ್ಲೇ. ಮಾರುಕಟ್ಟೆಯಿಂದ ಸೋಪಿನ ಕಾರ್ಖಾನೆಗೆ, ಸೋಪಿನ ಕಾರ್ಖಾನೆಯಿಂದ ಮಾರುಕಟ್ಟೆಗೆ. ಡಿಪೋದಲ್ಲಿ ಅವರನ್ನು ಟೈಮ್‌ಟೇಬಲ್ ಅನ್ನುತ್ತಿದ್ದರು, ನನ್ನನ್ನು ಟಿಕೆಟ್ಟಮ್ಮ. ಅವರು ಮುಂದೆ, ನಾನು ಹಿಂದೆ, ನಡುವೆ ತೊಂಬತ್ತು ಜನ. ನಮ್ಮ ಸಂಸಾರ ಅಷ್ಟು ಚೆನ್ನಾಗಿ ನಡೆದದ್ದಕ್ಕೆ ಆ ತೊಂಬತ್ತು ಜನವೇ ಕಾರಣ ಎಂದು ಈಗ ಅನ್ನಿಸುತ್ತದೆ.

ಇಬ್ಬರೂ ಒಂದೇ ವರ್ಷ ರಿಟೈರ್ ಆದೆವು. ಇಲಾಖೆಯ ಕ್ವಾರ್ಟರ್ಸ್ ಬಿಡಬೇಕಾಯಿತು. ಮಕ್ಕಳಿಲ್ಲ, ಸ್ವಂತ ಮನೆ ಇಲ್ಲ. ‘ಇಷ್ಟು ವರ್ಷ ಒಂದೇ ರೂಟಿನಲ್ಲಿ ಓಡಾಡಿದ್ವಿ ಕಣೇ. ಇನ್ನು ರೂಟೇ ಇಲ್ಲದ ಕಡೆ ಹೋಗೋಣ’ ಎಂದರು. ಬಂದ ದುಡ್ಡಿಗೆ ಮನೆಗಾಡಿ ಕೊಂಡೆವು. ಅದರೊಳಗೇ ಅಡುಗೆ, ಅದರೊಳಗೇ ನಿದ್ದೆ, ಅದರೊಳಗೇ ಎಲ್ಲ. ಸುಳ್ಳೇಕೆ ಹೇಳಲಿ, ಅವತ್ತು ನಾನೂ ಕುಣಿದಿದ್ದೆ.

ಗಾಡಿಯ ಒಳಗೆ ಒಂದು ಒಲೆ, ಅಂಗೈಯಗಲದ ಸಿಂಕು, ಮಡಚುವ ಮೇಜು, ಬೆನ್ನು ತಿರುಗಿಸಲಾಗದ ಕಕ್ಕಸು. ಡ್ರೈವರ್ ಸೀಟಿನ ಮೇಲಿನ ಅಟ್ಟದಲ್ಲಿ ಹಾಸಿಗೆ. ಮಲಗಿದರೆ ಮೂಗಿಗೂ ಛಾವಣಿಗೂ ಎರಡು ಗೇಣು. ಒಬ್ಬರು ಮಗ್ಗುಲಾದರೆ ಇನ್ನೊಬ್ಬರೂ ಆಗಲೇಬೇಕು. ನಾನು ಪಾತ್ರೆ ತೊಳೆಯುವಾಗ ಅವರು ದಾಟಬೇಕಾದರೆ ನಾನು ಸಿಂಕಿಗೆ ಹೊಟ್ಟೆ ಒತ್ತಿಕೊಂಡು ನಿಲ್ಲಬೇಕು. ದಾಟುವಾಗ ಪ್ರತಿ ಸಲವೂ ‘ಸೈಡ್ ಪ್ಲೀಸ್’ ಎಂದು ನಗುತ್ತಾರೆ. ಮೊದಲ ತಿಂಗಳು ನಾನೂ ನಕ್ಕೆ. ಹನ್ನೊಂದನೆಯ ತಿಂಗಳಲ್ಲಿ, ಆ ಮಾತು ಕೇಳಿದರೆ ಕೈಯಲ್ಲಿದ್ದ ಸೌಟನ್ನು ಏನು ಮಾಡಿಬಿಡುತ್ತೇನೋ ಎಂದು ನನಗೇ ಭಯವಾಗುತ್ತಿತ್ತು.

ಯಾರಿಗೆ ಹೇಳಲಿ? ಹೇಳಿದರೂ ಏನೆಂದು ಹೇಳಲಿ? ಗಂಡ ಪ್ರೀತಿ ಮಾಡುತ್ತಾನೆ, ಬಿಡಿಸಿ ಎಂದು ಹೇಳಲೇ?

ಮೂರು ವಾರದ ಹಿಂದೆ ಒಂದು ಊರಿನಲ್ಲಿ, ಬಟ್ಟೆ ಒಗೆಯುವ ಅಂಗಡಿಯ ಗೋಡೆಯ ಮೇಲೆ ಒಂದು ಚೀಟಿ ನೋಡಿದೆ. ಮುಂದೆ ಸಿಗುವ ದೊಡ್ಡ ನಗರದಲ್ಲಿ ನರ್ಸಿಂಗ್ ಓದುವ ಹುಡುಗಿಯರ ಹಾಸ್ಟೆಲ್ಲಿಗೆ ವಾರ್ಡನ್ ಬೇಕಾಗಿದ್ದಾರೆ, ಅಲ್ಲೇ ಉಳಿಯಬೇಕು, ರೂಮು ಕೊಡುತ್ತಾರೆ. ನಂಬರನ್ನು ಅಂಗೈ ಮೇಲೆ ಬರೆದುಕೊಂಡೆ. ಗಾಡಿಯ ಕಕ್ಕಸಿನಲ್ಲಿ ಕೂತು, ನಲ್ಲಿ ಪೂರ್ತಿ ಬಿಟ್ಟು, ಪಿಸುಗುಟ್ಟುತ್ತಾ ಫೋನ್ ಮಾಡಿದೆ. ಈಗಿನ ವಾರ್ಡನ್ ಎತ್ತಿದರು. ‘ಜೋರಾಗಿ ಮಾತಾಡಿ, ಎಲ್ಲಿದೀರಿ ನೀವು, ಜಲಪಾತದಲ್ಲಾ?’ ಎಂದರು. ಇಂಥ ದಿನ ನಿಮ್ಮ ಊರಿಗೆ ಬರುತ್ತೇವೆ ಎಂದೆ. ‘ಅವತ್ತು ಮಧ್ಯಾಹ್ನ ಮೂರರೊಳಗೆ ಬನ್ನಿ. ಮೂರಕ್ಕೆ ಇನ್ನೊಬ್ಬರು ಬರ್ತಾರೆ. ಅವರು ಒಪ್ಕೊಂಡ್ರೆ ಅವರಿಗೇ’ ಎಂದರು.

ಆ ದಿನ ಬಂತು. ಊರಾಚೆ, ಲಾರಿಗಳು ನಿಲ್ಲುವ ಮೈದಾನದ ಮಗ್ಗುಲಿನಲ್ಲಿ ಗಾಡಿ ನಿಲ್ಲಿಸಿದ್ದೆವು. ನಮ್ಮವರು ಬೆಳಿಗ್ಗೆ ಆರಕ್ಕೇ ಎದ್ದು ಹಳೆಯ ರಟ್ಟಿನ ಹಿಂದೆ ಟ್ರಿಪ್ ಶೀಟ್ ಬರೆಯುತ್ತಿದ್ದರು. ‘ಇವತ್ತು ಯಾವ ಅವಸರಾನೂ ಇಲ್ಲ. ಆರಾಮಾಗಿ ಊರು ನೋಡೋಣ’ ಎನ್ನುತ್ತಲೇ ಬರೆಯುತ್ತಿದ್ದರು. ಎಂಟು ಹತ್ತಕ್ಕೆ ತಿಂಡಿ. ಒಂಬತ್ತಕ್ಕೆ ಹೊರಡುವುದು. ಒಂಬತ್ತು ಐವತ್ತಕ್ಕೆ ಕೆರೆ. ಹನ್ನೊಂದಕ್ಕೆ ಅಂಗಡಿ ಬೀದಿ. ನಾಲ್ಕೂವರೆಗೆ, ನಾನೇ ಓದಿದೆ, ‘ಸುಮ್ಮನೆ ಕೂರುವುದು, ಇಪ್ಪತ್ತು ನಿಮಿಷ’.

‘ಇಪ್ಪತ್ತೊಂದು ನಿಮಿಷ ಕೂತ್ರೆ ಏನಾಗತ್ತೆ?’ ಎಂದೆ.

‘ಮುಂದಿನದು ಲೇಟಾಗತ್ತೆ’ ಎಂದರು. ತಮಾಷೆಗಲ್ಲ.

ನನ್ನ ಲೆಕ್ಕ ಬೇರೆ ಇತ್ತು. ಎಲ್ಲಾದರೂ ಒಂದು ಕಡೆ ಇವರನ್ನು ಒಂದು ಗಂಟೆ ಕೂರಿಸಿ ನಾನು ತಪ್ಪಿಸಿಕೊಳ್ಳಬೇಕು. ಹೇಳಿಯೇ ಹೋಗಬಹುದಿತ್ತಲ್ಲ ಎನ್ನಬೇಡಿ. ಹೇಳಿದರೆ ಇವರು ಜಗಳ ಆಡುವುದಿಲ್ಲ. ಜಗಳ ಆಡುವವರಾದರೆ ನನಗೆ ಯಾವ ಚಿಂತೆಯೂ ಇರಲಿಲ್ಲ. ‘ಅಯ್ಯೋ, ಮೊದಲೇ ಹೇಳಬಾರದಾ, ನಡಿ ನಾನೂ ಬರ್ತೀನಿ’ ಎಂದು ಹೊಸ ಅಂಗಿ ಹಾಕಿಕೊಂಡು ನನಗಿಂತ ಮುಂದೆ ಹೊರಟುಬಿಡುತ್ತಾರೆ. ಅಲ್ಲಿ ಹೋಗಿ ಆ ವಾರ್ಡನ್ ಜೊತೆ ಅವರೇ ಮಾತಾಡಿ ಮುಗಿಸುತ್ತಾರೆ. ಆಮೇಲೆ ಆ ಕೆಲಸವೂ ನಮ್ಮಿಬ್ಬರದಾಗುತ್ತದೆ.

ಕೆರೆಯ ಹತ್ತಿರ ನೀರು ಕಂಡಿತು. ಬಾತುಗಳೂ ಕಂಡವು. ಇವರು ದೋಣಿಯಲ್ಲಿ ಕೂರೋಣ ಎಂದರು, ಕೂತೆವು. ಇಬ್ಬರಿಗೆಂದೇ ಮಾಡಿದ ದೋಣಿ, ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಅಷ್ಟು ದೊಡ್ಡ ನೀರಿನ ನಡುವೆಯೂ ನನಗೆ ಸಿಕ್ಕಿದ್ದು ಒಂದು ಮೊಳ ಹಲಗೆ.

ಅಂಗಡಿ ಬೀದಿಯಲ್ಲಿ ಮೊದಲ ಪ್ರಯತ್ನ ಮಾಡಿದೆ. ‘ರೀ, ನಾನು ಒಳಬಟ್ಟೆ ತಗೋಬೇಕು. ನೀವು ಇಲ್ಲೇ ಎಲ್ಲಾದ್ರೂ ಕೂತಿರಿ.’ ಯಾವ ಗಂಡಸಾದರೂ ಇಷ್ಟಕ್ಕೆ ದೂರ ಸರಿಯುತ್ತಾನೆ. ಇವರು ಅಂಗಡಿಯ ಒಳಗೆ ಬಂದು, ಮಾರುವ ಹೆಂಗಸಿಗೆ ನನ್ನ ಸೈಜು ಹೇಳಿದರು. ಅದೂ ಸರಿಯಾಗಿ ಹೇಳಿದರು. ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಎರಡನೆಯದು ಕೂದಲು ಕತ್ತರಿಸುವ ಅಂಗಡಿ, ಹೆಂಗಸರದು. ಗಾಜಿನ ಬಾಗಿಲಿನ ಮೇಲೆ ‘ಪುರುಷರಿಗೆ ಪ್ರವೇಶವಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಓದಿ ನನ್ನ ಜೀವಕ್ಕೆ ಜೀವ ಬಂತು. ಒಳಗೆ ಹೋಗಿ, ‘ಅಮ್ಮಾ, ಹಿಂದುಗಡೆ ಬಾಗಿಲೇನಾದ್ರೂ ಇದೆಯಾ?’ ಎಂದು ಕತ್ತರಿ ಹಿಡಿದವಳನ್ನು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಅದು ಸ್ಟೋರ್ ರೂಮು’ ಎಂದಳು. ತಿರುಗಿದರೆ ಇವರು ಹೊರಗೆ ನಿಂತು ಗಾಜಿಗೆ ಹಣೆ ಆನಿಸಿಕೊಂಡು ಒಳಗೆ ನೋಡುತ್ತಿದ್ದಾರೆ. ನಾನು ಕಂಡ ಕೂಡಲೇ ಕೈ ಬೀಸಿದರು, ಕೈಗಡಿಯಾರ ತೋರಿಸಿ ಹತ್ತು ಬೆರಳು ಎತ್ತಿದರು. ಹತ್ತು ನಿಮಿಷ. ಬೇಡದಿದ್ದರೂ ಕೂದಲು ಕತ್ತರಿಸಿಕೊಂಡೆ.

‘ಚೆನ್ನಾಗಿ ಕಾಣ್ತಿದೀಯ’ ಎಂದರು ಹೊರಗೆ ಬಂದಾಗ. ನನಗೆ ಅಳು ಬಂತು. ಕಣ್ಣಿಗೆ ಕೂದಲು ಬಿದ್ದಿದೆ ಎಂದೆ. ಅಲ್ಲೇ ಬೀದಿಯಲ್ಲಿ ನನ್ನ ರೆಪ್ಪೆ ಬಿಡಿಸಿ ಊದಿದರು.

ಊಟ ಮುಗಿದಾಗ ಒಂದೂಕಾಲು. ಹೊಟ್ಟೆಯೊಳಗೆ ಅನ್ನ ಇಳಿದಿರಲಿಲ್ಲ, ಗಡಿಯಾರವೇ ಇಳಿದಿತ್ತು. ಇನ್ನು ಒಂದೂಮುಕ್ಕಾಲು ಗಂಟೆ. ಇವರು ನನ್ನ ಕೈಯಲ್ಲಿ ಎರಡು ಟಿಕೆಟ್ಟು ಇಟ್ಟರು. ಊರು ತೋರಿಸುವ ಬಸ್ಸು, ಮೇಲಂತಸ್ತಿಗೆ ಛಾವಣಿ ಇಲ್ಲದ್ದು, ಇಡೀ ನಗರ ಒಂದು ಸುತ್ತು ಬರುತ್ತದೆ. ಎಲ್ಲಿ ಬೇಕಾದರೂ ಇಳಿದು, ಮತ್ತೆ ಹತ್ತಬಹುದು.

‘ಇವತ್ತು ನಾನು ಡ್ರೈವರ್ ಅಲ್ಲ, ನೀನು ಕಂಡಕ್ಟರ್ ಅಲ್ಲ. ಇಬ್ಬರೂ ಪೂರ್ತಿ ಪ್ಯಾಸೆಂಜರ್’ ಎಂದರು. ಮುಖ ಅರಳಿತ್ತು. ಎಷ್ಟು ದಿನದಿಂದ ಯೋಚಿಸಿಟ್ಟಿದ್ದರೋ. ಆ ಮುಖ ನೋಡಿ ನನಗೆ ಪಾಪ ಅನ್ನಿಸಿತು, ಅದರ ಹಿಂದೆಯೇ ಸಿಟ್ಟೂ ಬಂತು, ನನಗೆ ಪಾಪ ಅನ್ನಿಸುವ ಹಾಗೆ ಮಾಡುತ್ತಾರಲ್ಲ ಎಂದು.

ಮೇಲೆ ಹತ್ತಿ ಕೂತೆವು. ನೀಲಿ ಟೋಪಿಯ ಹುಡುಗಿಯೊಬ್ಬಳು ಎಲ್ಲರಿಗೂ ಕಿವಿಗೆ ಹಾಕಿಕೊಳ್ಳುವ ವೈರು ಕೊಟ್ಟಳು. ಅದರಲ್ಲಿ ಊರಿನ ಕತೆ ಬರುತ್ತಿತ್ತು. ಇವರು ಅದನ್ನು ಹಾಕಿಕೊಳ್ಳಲಿಲ್ಲ, ಡ್ರೈವರನ ಕತೆ ಹೇಳಿದರು. ‘ಗೇರ್ ಬೇಗ ಹಾಕ್ತಾನೆ. ನೋಡು, ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇದಾನೆ. ಈಗಿನವರಿಗೆ ಕ್ಲಚ್ಚಿನ ಬೆಲೆ ಗೊತ್ತಿಲ್ಲ.’ ಒಂದು ದೊಡ್ಡ ಗೋಪುರ ಹೋಯಿತು, ಒಂದು ಸೇತುವೆ ಹೋಯಿತು. ಕ್ಲಚ್ಚು ಬಿಟ್ಟು ನಾವು ಬೇರೇನೂ ನೋಡಲಿಲ್ಲ.

ನನಗೆ ಬೇಕಾಗಿದ್ದದ್ದು ಗ್ರಂಥಾಲಯದ ಸ್ಟಾಪು. ಹಾಸ್ಟೆಲ್ಲು ಅದರ ಹಿಂದೆ ಎಂದು ವಾರ್ಡನ್ ಹೇಳಿದ್ದರು. ಮುಂದಿನ ಸ್ಟಾಪ್ ಅದೇ ಎಂದು ಕಿವಿಯೊಳಗೆ ಒಂದು ಹೆಂಗಸಿನ ದನಿ ಹೇಳಿತು. ನನಗೆ ಏನೂ ತೋಚಲಿಲ್ಲ. ‘ಬಿಸಿಲು ತಡಿಯಕ್ಕಾಗ್ತಿಲ್ಲ ರೀ, ಸ್ವಲ್ಪ ಕೆಳಗೆ ಕೂತಿರ್ತೀನಿ’ ಎಂದೆ.

‘ನಾನೂ ಬರ್ತೀನಿ ಇರು.’

‘ಇಬ್ಬರೂ ಹೋದ್ರೆ ಮುಂದಿನ ಸೀಟು ಹೋಗತ್ತೆ. ಹಿಡ್ಕೊಂಡಿರಿ.’

ಸೀಟು ಹೋಗುತ್ತದೆ ಎಂದರೆ ಅವರಿಗೆ ಅರ್ಥವಾಗುತ್ತದೆ. ಕೂತರು. ಅವರ ಫೋನು, ಪರ್ಸು ಎರಡೂ ಎಂದಿನಂತೆ ನನ್ನ ಚೀಲದಲ್ಲೇ ಇದ್ದವು. ಜೇಬಿನಲ್ಲಿ ಏನಿದ್ದರೂ ಓಡಿಸುವಾಗ ಚುಚ್ಚುತ್ತದೆ ಎಂದು ಇಪ್ಪತ್ತೇಳು ವರ್ಷದ ಅಭ್ಯಾಸ.

ಕೆಳಗೆ ಇಳಿದೆ, ಬಸ್ಸು ನಿಂತಿತು. ಓಡಿಹೋಗಬೇಕೆಂದು ನಾನು ಯೋಚಿಸಿರಲಿಲ್ಲ, ದೇವರಾಣೆಗೂ ಇಲ್ಲ. ಬಾಗಿಲ ಬಳಿ ಊರುಗೋಲಿನ ಅಜ್ಜಿಯೊಬ್ಬರು ಇಳಿಯಲಾಗದೆ ಒದ್ದಾಡುತ್ತಿದ್ದರು. ನೀಲಿ ಟೋಪಿಯವಳು ಮೇಲೆ ವೈರು ಹಂಚುವುದರಲ್ಲಿ ಮುಳುಗಿದ್ದಳು. ನಾನು ಮೊದಲು ಕೆಳಗೆ ಹಾರಿ, ಅಜ್ಜಿಯ ಕಂಕುಳಿಗೆ ಕೈ ಕೊಟ್ಟು ಇಳಿಸಿದೆ, ಕೋಲು ಕೈಗಿಟ್ಟೆ, ಅವರ ಚೀಲ ಇಳಿಸಿಕೊಟ್ಟೆ. ಬಾಗಿಲಲ್ಲಿ ಇನ್ಯಾರೂ ಇಲ್ಲ ಎಂದು ನೋಡಿದೆ. ನೋಡಿ, ಬಸ್ಸಿನ ಮೈಗೆ ಅಂಗೈಯಿಂದ ಎರಡು ಸಲ ಬಡಿದು, ‘ರೈಟ್!’ ಎಂದೆ.

ಬಸ್ಸು ಹೊರಟಿತು.

ಯಾವ ಊರಿನ ಡ್ರೈವರ್ ಆದರೂ ಸರಿ, ಎರಡು ತಟ್ಟಿದರೆ ಹೊರಡುತ್ತಾನೆ. ನನ್ನ ಕೈಗೂ ಅಷ್ಟೇ, ಪ್ಯಾಸೆಂಜರ್ ಇಳಿದರೆ ತಟ್ಟುವುದೊಂದೇ ಗೊತ್ತು. ನಾನೂ ಪ್ಯಾಸೆಂಜರ್, ನಾನೂ ಹತ್ತಬೇಕು ಎನ್ನುವುದು ಅದಕ್ಕೆ ಯಾರು ಹೇಳಿಕೊಡಬೇಕು?

ಮೇಲಂತಸ್ತಿನಲ್ಲಿ ಇವರು ಎದ್ದು ನಿಂತರು. ನನ್ನನ್ನು ನೋಡಿದರು. ‘ಹೋಲ್ಡಾನ್! ಏಯ್, ಹೋಲ್ಡಾನ್!’ ಎಂದು ಕಂಬಿ ಬಡಿದರು. ಅಕ್ಕಪಕ್ಕದವರ ಕಿವಿಯಲ್ಲೆಲ್ಲ ವೈರು. ಡ್ರೈವರಿಗೆ ಕೇಳಿಸಲೇ ಇಲ್ಲ. ಸಿಗ್ನಲ್ಲಿನ ಹತ್ತಿರ ಬಸ್ಸು ನಿಧಾನವಾಗಿತ್ತು, ನಾಲ್ಕು ಹೆಜ್ಜೆ ಓಡಿದ್ದರೆ ಸಿಗುತ್ತಿತ್ತು. ತಟ್ಟಿದ್ದು ಕೈಯ ತಪ್ಪು, ಒಪ್ಪುತ್ತೇನೆ. ಓಡದೆ ನಿಂತದ್ದು ತಪ್ಪಿ ಆದದ್ದಲ್ಲ.

ಇವರು ಮುಂದಿನ ಸ್ಟಾಪಿನಲ್ಲಿ ಇಳಿದು ಓಡಿ ಬರುವವರಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಸೋಪಿನ ಕಾರ್ಖಾನೆಯ ಹತ್ತಿರ ನನ್ನನ್ನು ಬಿಟ್ಟು ಹೋಗಿದ್ದರು. ನಾನು ಅವರನ್ನು ಹುಡುಕಿಕೊಂಡು ಹೋದೆ, ಅವರು ನನ್ನನ್ನು ಹುಡುಕಿಕೊಂಡು ಬಂದರು, ಇಬ್ಬರೂ ಸಂಜೆಯವರೆಗೆ ಸಿಗಲಿಲ್ಲ. ಅವತ್ತಿನಿಂದ ನಮ್ಮಲ್ಲಿ ಒಂದೇ ಕಾಯಿದೆ. ಹಿಂದೆ ಉಳಿದವರು ಬಿಟ್ಟ ಜಾಗದಲ್ಲೇ ನಿಲ್ಲಬೇಕು, ಬಸ್ಸು ರೂಟು ಮುಗಿಸಿ ಅಲ್ಲಿಗೇ ಬರುತ್ತದೆ. ಈ ಬಸ್ಸು ಒಂದು ಸುತ್ತು ಬರಲು ಒಂದು ಗಂಟೆ ನಲವತ್ತು ನಿಮಿಷ. ಆಗ ಗಂಟೆ ಒಂದು ಮೂವತ್ತೈದು.

ಬಿಟ್ಟ ಜಾಗವನ್ನು ಬಿಟ್ಟು ಹೊರಟೆ.

ಹನ್ನೊಂದು ತಿಂಗಳಲ್ಲಿ ಮೊದಲ ಸಲ ಒಬ್ಬಳೇ ನಡೆದೆ. ನಡೆಯುವುದೇ ಮರೆತುಹೋಗಿತ್ತು, ಪಕ್ಕದಲ್ಲಿ ಯಾರಿಗೋ ಜಾಗ ಬಿಟ್ಟುಕೊಂಡು ಫುಟ್‌ಪಾತಿನ ಅಂಚಿನಲ್ಲೇ ನಡೆಯುತ್ತಿದ್ದೆ. ಯಾರೂ ಇಲ್ಲ ಎಂದು ಗೊತ್ತಾದ ಮೇಲೆ ನಟ್ಟನಡುವೆ ಬಂದೆ. ಹಿಂದಿನಿಂದ ಬಂದವನೊಬ್ಬ, ‘ಸ್ವಲ್ಪ ಸರೀರಿ ಅಮ್ಮಾ’ ಎಂದ. ‘ಯಾಕೆ ಸರೀಲಿ? ಆ ಕಡೆ ಜಾಗ ಇಲ್ವಾ?’ ಎಂದೆ. ಪಾಪ, ಅವನು ರಸ್ತೆಗಿಳಿದು ಹೋದ.

ಚಪ್ಪಲಿ ಹೊಲಿಯುವವನನ್ನು ಕೇಳಿ, ಎರಡು ಸಲ ದಾರಿ ತಪ್ಪಿ, ಎರಡು ಗಂಟೆಗೆ ಹಾಸ್ಟೆಲ್ಲು ತಲುಪಿದೆ. ವಾರ್ಡನ್ ಕುಳ್ಳಗೆ, ದಪ್ಪಗೆ, ಸೊಂಟದಲ್ಲಿ ಬೀಗದ ಕೈ ಗೊಂಚಲು ಇಟ್ಟುಕೊಂಡಿದ್ದರು. ಮಂಡಿ ನೋವಿಗೆ ಕೆಲಸ ಬಿಡುತ್ತಿದ್ದರು.

‘ಅರವತ್ತನಾಲ್ಕು ಹುಡುಗೀರು. ಸಂಭಾಳಿಸ್ತೀರಾ?’

‘ಐವತ್ತು ಸೀಟಿನ ಬಸ್ಸಲ್ಲಿ ತೊಂಬತ್ತು ಜನರನ್ನ ನಿಲ್ಲಿಸಿದೀನಿ.’

‘ಸುಳ್ಳು ಹೇಳಿ ಹೊರಗೆ ಹೋಗ್ತಾರೆ.’

‘ಹತ್ತು ವರ್ಷ ಅಂತ ಹೇಳಿ ಅರ್ಧ ಟಿಕೆಟ್ಟಲ್ಲಿ ಮೀಸೆ ಬಂದ ಮಕ್ಕಳನ್ನ ಕರ್ಕೊಂಡು ಹೋಗೋರನ್ನ ನೋಡಿದೀನಿ. ಮುಖ ನೋಡಿದ್ರೆ ಗೊತ್ತಾಗತ್ತೆ.’

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ‘ಇದೊಂಥರಾ ಜೈಲು ಕಣ್ರೀ, ಈಗಲೇ ಹೇಳ್ತೀನಿ. ಎಂಟಕ್ಕೆ ಗೇಟು ಹಾಕಿದ್ರೆ ಬೆಳಿಗ್ಗೆ ಆರರ ತನಕ ನೀವೂ ಒಳಗೇ. ಹದಿನೆಂಟು ವರ್ಷ ನಾನು ಒಂದು ರಾತ್ರೀನೂ ಹೊರಗೆ ಕಳೆದಿಲ್ಲ’ ಎಂದರು.

‘ಬೀಗ ಯಾರ ಹತ್ರ ಇರತ್ತೆ?’

‘ನಿಮ್ಮ ಹತ್ರಾನೇ.’

‘ಹಾಗಾದ್ರೆ ಜೈಲು ಹೇಗಾಗತ್ತೆ?’

ನೆಲಮಹಡಿಯ ಕೊನೆಯ ಕೋಣೆಯ ಬಾಗಿಲು ತೆರೆದರು. ‘ಕೂತಿರಿ, ಅರ್ಜಿ ತರ್ತೀನಿ’ ಎಂದು ಹೋಗುವಾಗ ಬಾಗಿಲನ್ನು ಎಳೆದುಕೊಂಡು ಹೋದರು.

ಎಂಟಡಿಗೆ ಹತ್ತಡಿ. ಒಂದು ಕಬ್ಬಿಣದ ಮಂಚ, ಒಂದು ಕುರ್ಚಿ, ಗೋಡೆಯಲ್ಲಿ ಒಂದು ಮೊಳೆ, ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದ ಒಂದು ಲೋಟ. ಗೋಡೆಗೆ ಸುಣ್ಣ ಬಳಿದು ಎಷ್ಟೋ ವರ್ಷವಾಗಿತ್ತು. ಎರಡೂ ಕೈ ಚಾಚಿ ನಿಂತೆ, ಯಾರಿಗೂ ತಾಗಲಿಲ್ಲ. ಒಂದು ಸುತ್ತು ತಿರುಗಿದೆ. ಈ ಗೋಡೆಯಿಂದ ಆ ಗೋಡೆಗೆ ನಡೆದೆ, ಅಲ್ಲಿಂದ ಇಲ್ಲಿಗೆ ನಡೆದೆ. ನನಗೆ ಆಗ ಆದ ಸಂತೋಷವನ್ನು ಹೇಳಿದರೆ ನೀವು ನಗುತ್ತೀರಿ. ಮಂಚದ ಮೇಲೆ ಅಂಗಾತ ಬಿದ್ದುಕೊಂಡೆ. ಛಾವಣಿ ಅಷ್ಟೆತ್ತರದಲ್ಲಿ, ಎಲ್ಲೋ ಇತ್ತು. ಮಗ್ಗುಲಾದೆ, ಯಾರೂ ನನ್ನ ಜೊತೆ ಮಗ್ಗುಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ.

ಅಳುತ್ತಿದ್ದಾಗಲೇ ಗೊತ್ತಾಯಿತು. ನನಗೆ ಬೇಕಾಗಿರುವುದು ಓಡದೆ ಒಂದು ಕಡೆ ನಿಲ್ಲುವ ಮನೆ ಎಂದುಕೊಂಡಿದ್ದೆ. ಅದಲ್ಲ. ಇವರಿಲ್ಲದ ನಾಲ್ಕು ಗೋಡೆ ಬೇಕಾಗಿತ್ತು. ಇಷ್ಟು ದಿನ ಈ ಮಾತನ್ನು ನಾನು ನನಗೂ ಹೇಳಿಕೊಂಡಿರಲಿಲ್ಲ. ನಾಚಿಕೆಯಾಯಿತು. ನನ್ನ ಪುಣ್ಯಕ್ಕೆ ಸಿಕ್ಕ ಗಂಡ ಎಂದು ಡಿಪೋದ ಹೆಂಗಸರೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದರು. ಅಂಥವರನ್ನು ಬಿಟ್ಟು ಈ ಸುಣ್ಣ ಉದುರುವ ಕೋಣೆಗೆ ಆಸೆಪಡುತ್ತಿದ್ದೇನೆ. ನಾಚಿಕೆಯಾದರೂ ಎದ್ದು ಹೋಗಲು ಮನಸ್ಸಾಗಲಿಲ್ಲ.

ವಾರ್ಡನ್ ಅರ್ಜಿ ತಂದರು. ನನ್ನ ಕೆಂಪು ಕಣ್ಣು ನೋಡಿದರು. ‘ಯಜಮಾನ್ರು ಇದಾರಾ?’ ಎಂದರು.

‘ಇದಾರೆ.’

‘ರೂಮು ಒಬ್ಬರಿಗೇ. ಗೊತ್ತಲ್ಲ?’

‘ಅದಕ್ಕೇ ಬಂದಿದ್ದು’ ಎಂದೆ. ಬಾಯಿ ತಪ್ಪಿ ಬಂತು, ಆದರೂ ನಿಜವೇ ಬಂತು. ಅವರು ಪೆನ್ನು ಕೊಟ್ಟರು. ಸೋಮವಾರದಿಂದ ಬರುತ್ತೇನೆ ಎಂದು ಬರೆದು ಸಹಿ ಹಾಕಿದೆ.

ಮೂರೂ ಹತ್ತಕ್ಕೆ ಗ್ರಂಥಾಲಯದ ಸ್ಟಾಪಿಗೆ ಬಂದು ನಿಂತೆ. ಬೇಕೆಂದರೆ ಇಲ್ಲೇ ಇದ್ದೆ ಎಂದುಬಿಡಬಹುದು. ಭಾನುವಾರದ ತನಕ ಸುಮ್ಮನಿದ್ದು ಆಮೇಲೆ ಹೇಳಬಹುದು. ಚೀಟಿ ಬರೆದಿಟ್ಟು ಹೋಗಬಹುದು. ನಿಂತ ನಿಲುವಿನಲ್ಲೇ ಇಷ್ಟೆಲ್ಲ ಯೋಚಿಸಿದೆ. ಮೂರೂ ಕಾಲು ಆಯಿತು, ಬಸ್ಸಿಲ್ಲ. ಮೂರೂ ಇಪ್ಪತ್ತಾಯಿತು. ಎಲ್ಲಿ ಹೋದರು, ಗಾಬರಿಯಲ್ಲಿ ಎಲ್ಲಾದರೂ ಇಳಿದರೋ, ಫೋನೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ, ಎಂದು ರಸ್ತೆಗಿಳಿದು ಬಗ್ಗಿ ಬಗ್ಗಿ ನೋಡತೊಡಗಿದೆ. ನೋಡಿ, ಬಿಟ್ಟು ಹೋಗುತ್ತೇನೆ ಎಂದು ಸಹಿ ಹಾಕಿ ಅರ್ಧ ಗಂಟೆ ಆಗಿರಲಿಲ್ಲ.

ಮೂರೂ ಇಪ್ಪತ್ತೈದಕ್ಕೆ ಬಸ್ಸು ಬಂತು. ಇವರು ಕೆಳಗೆ, ಡ್ರೈವರನ ಹಿಂದಿನ ಸೀಟಿನಲ್ಲೇ ಕೂತಿದ್ದರು. ಬೆನ್ನಿನ ಅಂಗಿ ಪೂರ್ತಿ ಒದ್ದೆ. ನಾನು ಹತ್ತಿದ ಕೂಡಲೇ ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದೂ ಆಸೆಪಟ್ಟೆ.

‘ಹತ್ತು ನಿಮಿಷ ಲೇಟು. ಸೇತುವೆ ಹತ್ರ ಜಾಮು’ ಎಂದರು. ಆಮೇಲೆ ನನ್ನ ತೋಳು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಡ್ರೈವರಿಗೆ ಕೇಳುವಂತೆ, ‘ಹೇಳಿರಲಿಲ್ವಾ? ಬಿಟ್ಟ ಜಾಗ ಬಿಟ್ಟು ಕದಲಲ್ಲ ಇವಳು’ ಎಂದರು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ.

ಅಷ್ಟೊತ್ತು ಕಟ್ಟಿಕೊಂಡಿದ್ದ ಸುಳ್ಳೆಲ್ಲ ಆ ಒಂದು ಮಾತಿಗೆ ಉದುರಿಹೋಯಿತು.

‘ಕದಲಿದೆ ರೀ’ ಎಂದೆ. ‘ಹಾಸ್ಟೆಲ್ಲಿಗೆ ಹೋಗಿದ್ದೆ. ಕೆಲಸ ಒಪ್ಕೊಂಡು ಬಂದೆ. ಸೋಮವಾರದಿಂದ ಅಲ್ಲೇ ಇರ್ತೀನಿ.’

ಒಂದೊಂದಾಗಿ ಎಲ್ಲ ಹೇಳಿದೆ. ಚೀಟಿ, ನಲ್ಲಿ ಬಿಟ್ಟು ಮಾಡಿದ ಫೋನು, ಕೂದಲು ಕತ್ತರಿಸುವ ಅಂಗಡಿಯ ಹಿಂಬಾಗಿಲು. ಎರಡು ಸ್ಟಾಪು ಹೋದವು. ಡ್ರೈವರ್ ಎರಡು ಸಲ ಗೇರ್ ಕೆಡಿಸಿದ, ಇವರು ಅದನ್ನೂ ಗಮನಿಸಲಿಲ್ಲ.

‘ರೂಮು ಹೇಗಿದೆ?’ ಎಂದರು ಕೊನೆಗೆ.

‘ಚಿಕ್ಕದು.’

‘ಗಾಳಿ ಬೆಳಕು?’

‘ಇದೆ. ಒಂದು ಕಿಟಕಿ ಇದೆ.’

‘ಯಾವ ಕಡೆಗೆ?’

‘ಕಾಂಪೌಂಡ್ ಕಡೆಗೆ.’

ಅವರು ನೇರವಾಗಿ ಕೂತರು. ಮುಖದಲ್ಲಿ ರಕ್ತ ಓಡಿತು. ಟ್ರಿಪ್ ಕ್ಯಾನ್ಸಲ್ ಆಗಿ, ಮತ್ತೆ ಗಾಡಿ ಸಿಕ್ಕಿತು ಎಂದಾಗ ಡಿಪೋದಲ್ಲಿ ಹೀಗೆಯೇ ಕೂರುತ್ತಿದ್ದರು.

‘ಕಾಂಪೌಂಡ್ ಇದೆಯಾ! ಹಾಗಾದ್ರೆ ಯೋಚನೆ ಯಾಕೆ? ನೀನು ರೂಮಲ್ಲಿ ಇರು, ನಾನು ಗಾಡಿ ಒಳಗೆ ತಂದು ಒಂದು ಮೂಲೇಲಿ ನಿಲ್ಲಿಸ್ಕೋತೀನಿ. ನಿನ್ನ ತಂಟೆಗೆ ಬರಲ್ಲ, ರೂಮಿಗೆ ಕಾಲೂ ಇಡಲ್ಲ. ರಾತ್ರಿ ನಿನ್ನ ಕಿಟಕಿ ದೀಪ ಆರಿದ್ದು ನೋಡಿ ಮಲಗ್ತೀನಿ, ಅಷ್ಟೇ. ಅವರನ್ನ ನಾನು ಕೇಳ್ತೀನಿ, ಒಪ್ಪಿಸ್ತೀನಿ. ನೀನು ಒಂದು ಹೇಳು. ನಮ್ಮ ಗಾಡಿ ಗೇಟಲ್ಲಿ ಹಿಡಿಸತ್ತಾ?’

ಗೇಟು ಕಂಡರೆ ಅಳೆಯುವುದು ನನ್ನ ಕಣ್ಣಿನ ಚಾಳಿ. ಒಳಗೆ ಹೋಗುವಾಗಲೇ ಅಳೆದಿದ್ದೆ. ಎರಡು ಬಾಗಿಲಿನ, ಬಸ್ಸೇ ನುಗ್ಗುವಷ್ಟು ಅಗಲದ ಗೇಟು. ಒಳಗೆ ಎರಡು ಬಸ್ಸು ಅಕ್ಕಪಕ್ಕ ನಿಲ್ಲಿಸಿ ಮೂರನೆಯದನ್ನು ಸಲೀಸಾಗಿ ತಿರುಗಿಸಬಹುದಿತ್ತು. ಅವರ ಕೈ ನನ್ನ ತೋಳಿನ ಮೇಲೇ ಇತ್ತು, ಬೆಚ್ಚಗೆ.

‘ಇಲ್ಲ ರೀ’ ಎಂದೆ. ‘ಹಿಡಿಸಲ್ಲ.’

ಅವರು ಮರುಪ್ರಶ್ನೆ ಕೇಳಲಿಲ್ಲ. ಎಷ್ಟು ಅಡಿ ಎನ್ನಲಿಲ್ಲ, ಒಂದು ಸಲ ಹೋಗಿ ನೋಡೋಣ ಎನ್ನಲಿಲ್ಲ. ನನ್ನ ಮುಖ ಕೂಡ ನೋಡಲಿಲ್ಲ.

‘ನೀನು ಹಿಡಿಸಲ್ಲ ಅಂದ್ರೆ ಹಿಡಿಸಲ್ಲ’ ಎಂದು ಕೈ ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡರು.

ಮುಂದಿನ ಸ್ಟಾಪಿನವರೆಗೂ ಬಾಯಿ ತೆರೆಯಲು ಹೊತ್ತಿತ್ತು. ನಾನು ಮಾತು ತಿದ್ದಲಿಲ್ಲ.